ಕ್ರಾಫರ್ಡ್ ಮಾರ್ಕೆಟ್ಟಿನ ಮೀಸೆ ಮೀನುಗಳು

ಊರಿನಿಂದ ನೆಂಟರು ಬಂದರೆ ನಾವು ಮುಂಬಯಿ ಕನ್ನಡಿಗರು ತೋರಿಸುವ ಸ್ಥಳಗಳ ಪಟ್ಟಿ ಹೆಚ್ಚುಕಡಿಮೆ ಒಂದೇ. ಗೇಟ್‌ವೇ ಆಫ್ ಇಂಡಿಯಾ, ಮರೀನ್ ಡ್ರೈವ್, ಮಹಾಲಕ್ಷ್ಮಿ, ಸಿದ್ಧಿವಿನಾಯಕ, ಕೊನೆಗೆ ಜುಹು ಬೀಚಿನ ಭೇಲ್‌ಪುರಿ. ಕ್ರಾಫರ್ಡ್ ಮಾರ್ಕೆಟ್ಟಿಗೂ ಕರೆದುಕೊಂಡು ಹೋಗುತ್ತೇವೆ; ಆದರೆ ಅದು ಒಣಹಣ್ಣು, ಮಸಾಲೆ, ಮದುವೆಯ ಸಾಮಾನುಗಳ ಖರೀದಿಗೆ ಮಾತ್ರ. ಅದನ್ನೊಂದು ನೋಡತಕ್ಕ ಸ್ಥಳವೆಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಲ್ಲಿಯೇ ಹುಟ್ಟಿ ಬೆಳೆದ ನಮ್ಮ ಮಕ್ಕಳಂತೂ ಮಾಲ್‌ಗಳ ದಾರಿ ಬಲ್ಲರೇ ಹೊರತು ಈ ಮಾರ್ಕೆಟ್ಟಿನ ಒಳಹೊರಗನ್ನು ಅರಿಯರು. ಅವರಿಗಾಗಿಯೇ ಈ ಬರಹ. ಅದರಲ್ಲೂ ಮಾರ್ಕೆಟ್ಟಿನ ಆಸುಪಾಸಿನ ಮೀನಂಗಡಿಗಳ ಬಗ್ಗೆ. ತಿನ್ನುವ ಮೀನಿನದಲ್ಲ, ಸಾಕುವ ಮೀನಿನ ಅಂಗಡಿಗಳು.

ದಾರಿ ಸುಲಭ. ಹಳಬರ ಬಾಯಲ್ಲಿ ಇಂದಿಗೂ ವಿ.ಟಿ. ಆಗಿಯೇ ಉಳಿದಿರುವ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್‌ನಲ್ಲಿ ಇಳಿದು, ದಾದಾಭಾಯಿ ನವರೋಜಿ ರಸ್ತೆಯಲ್ಲಿ ಉತ್ತರಕ್ಕೆ ಹತ್ತು ನಿಮಿಷ ನಡೆದರೆ ಸಾಕು. ಅಂಜುಮನ್ ಶಾಲೆ ದಾಟಿದ ಮೇಲೆ ಜೆ.ಜೆ. ಸ್ಕೂಲ್ ಆಫ್ ಆರ್ಟ್ ಸಿಗುತ್ತದೆ. 'ಜಂಗಲ್ ಬುಕ್' ಬರೆದ ರಡ್ಯಾರ್ಡ್ ಕಿಪ್ಲಿಂಗ್ 1865ರಲ್ಲಿ ಹುಟ್ಟಿದ್ದು ಇದೇ ಆವರಣದಲ್ಲಿ. ಆತನ ತಂದೆ ಲಾಕ್‌ವುಡ್ ಕಿಪ್ಲಿಂಗ್ ಇಲ್ಲಿ ಅಧ್ಯಾಪಕರಾಗಿದ್ದರು. ಮುಂದೆ ಕಾಣುವ ಗೋಪುರದ ಕಟ್ಟಡವೇ ಕ್ರಾಫರ್ಡ್ ಮಾರ್ಕೆಟ್. ವಿಲಿಯಂ ಎಮರ್ಸನ್ ಎಂಬ ವಾಸ್ತುಶಿಲ್ಪಿಯ ವಿನ್ಯಾಸದಂತೆ 1869ರಲ್ಲಿ ಪೂರ್ಣಗೊಂಡ ಇದಕ್ಕೆ ನಗರದ ಮೊದಲ ಮುನಿಸಿಪಲ್ ಕಮಿಷನರ್ ಆರ್ಥರ್ ಕ್ರಾಫರ್ಡರ ಹೆಸರಿಟ್ಟರು. ಈಗಿನ ಅಧಿಕೃತ ಹೆಸರು ಮಹಾತ್ಮಾ ಜ್ಯೋತಿಬಾ ಫುಲೆ ಮಂಡಈ. ಬಾಗಿಲಿನ ಮೇಲೆ ಕೆತ್ತಿರುವ ಉಬ್ಬುಶಿಲ್ಪಗಳನ್ನು ತಲೆಯೆತ್ತಿ ನೋಡಿ. ಹೊಲದ ದುಡಿಮೆಯ ಆ ಚಿತ್ರಗಳು ಲಾಕ್‌ವುಡ್ ಕಿಪ್ಲಿಂಗರ ಕೈಕೆಲಸ. ನಿತ್ಯ ಸಾವಿರಾರು ಜನ ಅದರ ಕೆಳಗೆ ಚೀಲ ಹಿಡಿದು ಓಡಾಡುತ್ತಾರೆ. ಕತ್ತೆತ್ತುವವರು ಮಾತ್ರ ಕಡಿಮೆ.

ಹಣ್ಣಿನ ರಾಶಿ, ಚೀಸ್, ಚಾಕೊಲೇಟು, ಪ್ಲಾಸ್ಟಿಕ್ ಹೂವುಗಳನ್ನೆಲ್ಲ ದಾಟಿ ಸುತ್ತಲಿನ ರಸ್ತೆಗಳಲ್ಲಿ ವಿಚಾರಿಸುತ್ತ ಹೋದರೆ ಅಕ್ವೇರಿಯಂ ಅಂಗಡಿಗಳು ಸಿಗುತ್ತವೆ. ಒಂದೊಂದೂ ನಮ್ಮ ಚಾಳಿನ ಅಡುಗೆಮನೆಯಷ್ಟೇ ಅಗಲ. ನೆಲದಿಂದ ಸೂರಿನವರೆಗೆ ಗಾಜಿನ ತೊಟ್ಟಿಗಳು. ಗಾಳಿಯಂತ್ರಗಳ ಗುಳುಗುಳು ಸದ್ದು, ನೀಲಿ ಬೆಳಕು. ಬಾಗಿಲಲ್ಲಿ ತೂಗುಹಾಕಿದ ಪ್ಲಾಸ್ಟಿಕ್ ಚೀಲಗಳಲ್ಲಿ ಒಂಟಿ ಒಂಟಿಯಾಗಿ ಮುನಿಸಿಕೊಂಡು ಕುಳಿತ ಬೆಟ್ಟಾ ಮೀನುಗಳು. ಗೋಲ್ಡ್‌ಫಿಶ್, ಗಪ್ಪಿ, ಏಂಜೆಲ್, ಟೆಟ್ರಾ ಎಂದು ಹುಡುಗರು ಬಾಯಿಪಾಠ ಒಪ್ಪಿಸುತ್ತಾರೆ. ನೋಡುವವರ ಕಣ್ಣು ಸಹಜವಾಗಿ ಬಣ್ಣದ ಮೀನುಗಳ ಮೇಲೆಯೇ ಹೋಗುತ್ತದೆ. ಆದರೆ ಪ್ರತಿಯೊಂದು ತೊಟ್ಟಿಯ ತಳವನ್ನೂ ಒಮ್ಮೆ ಗಮನಿಸಿ. ಗಾಜಿಗೆ ಬಾಯಿ ಕಚ್ಚಿಕೊಂಡು ಅಂಟಿರುವ ಕಂದು ಬಣ್ಣದ ಒರಟು ಪ್ರಾಣಿಯೊಂದು ಕಾಣುತ್ತದೆ. ಅಂಗಡಿಯವರ ಭಾಷೆಯಲ್ಲಿ ಅದರ ಹೆಸರು 'ಸಕರ್'. ಇಂಗ್ಲಿಷಿನವರು ಕ್ಯಾಟ್‌ಫಿಶ್ ಎನ್ನುವ ದೊಡ್ಡ ಕುಲದ ಒಂದು ಕುಡಿ ಅದು.

ಬೆಕ್ಕಿನಂಥ ಮೀಸೆಯಿರುವುದರಿಂದ ಕ್ಯಾಟ್‌ಫಿಶ್ ಎಂಬ ಹೆಸರು. ನಮಗೂ ಈ ಕುಲ ಹೊಸದೇನಲ್ಲ. ಗದ್ದೆಯ ಕೆಸರಿನಲ್ಲಿ ಸಿಗುವ ಮುಗುಡು, ಹೊಳೆಯ ಗಿರ್ಲು, ಮುಳ್ಳು ಚುಚ್ಚಿದರೆ ಜೀವ ಹಿಂಡುವ ಚೇಳು ಮೀನು, ಕರಾವಳಿಯವರು ಸಾರು ಮಾಡುವ ತೇಡೆ, ಇಲ್ಲಿನ ಕೋಳಿ ಹೆಂಗಸರ ಬುಟ್ಟಿಯ 'ಶಿಂಗಾಳಾ' ಎಲ್ಲವೂ ಒಂದೇ ಬಳಗ. ಪ್ರಪಂಚದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜಾತಿಯ ಕ್ಯಾಟ್‌ಫಿಶ್‌ಗಳಿವೆ. ಅಂದರೆ ಮೀನಿನ ಜಾತಿಗಳಲ್ಲಿ ಸುಮಾರು ಹತ್ತಕ್ಕೊಂದು ಇವರದೇ. ಯಾವುದಕ್ಕೂ ನಮ್ಮ ಬಂಗುಡೆಗಿರುವಂಥ ಪೊರೆಯಿಲ್ಲ. ಕೆಲವು ನುಣ್ಣನೆಯ ಚರ್ಮದವು, ಕೆಲವು ಎಲುಬಿನ ಕವಚ ತೊಟ್ಟವು. ಮೀಸೆಗಳ ತುಂಬ ನಾಲಗೆಯ ಮೇಲಿರುವಂಥ ರುಚಿಮೊಗ್ಗುಗಳು. ಅಮೆರಿಕದ ಚಾನೆಲ್ ಕ್ಯಾಟ್‌ಫಿಶ್‌ಗಂತೂ ಮೈಯೆಲ್ಲ ರುಚಿಮೊಗ್ಗು. ಅದನ್ನು ಈಜಾಡುವ ನಾಲಗೆ ಎಂದರೂ ಸಲ್ಲುತ್ತದೆ. ಇಷ್ಟು ರುಚಿ ಬಲ್ಲ ಜೀವಿಯ ಊಟದ ಬಗ್ಗೆ ನಾವು ಕಟ್ಟಿಕೊಂಡಿರುವ ಕಲ್ಪನೆಯೇ ವಿಚಿತ್ರವಾದದ್ದು.

"ಇಸ್ಕೋ ಕುಛ್ ನಹೀ ಡಾಲ್ನೇಕಾ"

ಈ ಮಾತನ್ನು ನಾನು ಕೇಳಿದ್ದು ಒಂದೆರಡು ಬಾರಿಯಲ್ಲ. ತಂಗಿಯ ಮಗಳು ಕಾಲೇಜಿಗೆ ಹೋಗುವವಳು. ಎರಡಡಿಯ ತೊಟ್ಟಿಯೊಂದನ್ನು ಇಟ್ಟುಕೊಂಡಿದ್ದಾಳೆ. ಅವಳ ಜೊತೆ ಅಂಗಡಿ ಅಂಗಡಿ ಸುತ್ತಿದಾಗ ಹೋದಲ್ಲೆಲ್ಲ ಇದೇ ಉಪದೇಶ. ಹೊಸ ತೊಟ್ಟಿ ಕೊಂಡವರಿಗೆ ಹತ್ತು ಬಣ್ಣದ ಮೀನಿನ ಜೊತೆ ಒಂದು ಸಕರ್. "ಆಂಟಿ, ಇಸ್ಕೋ ಕುಛ್ ನಹೀ ಡಾಲ್ನೇಕಾ. ಯೇ ಕಚರಾ ಖಾತಾ ಹೈ, ಟಾಂಕೀ ಸಾಫ್ ರಖೇಗಾ." ಇದಕ್ಕೇನೂ ಹಾಕುವುದು ಬೇಡ, ಕಸ ತಿಂದು ತೊಟ್ಟಿಯನ್ನು ಚೊಕ್ಕವಾಗಿಡುತ್ತದೆ ಎಂದು. ಕೊಳ್ಳುವವರಿಗೆ ಇದಕ್ಕಿಂತ ಸಂತೋಷದ ಸುದ್ದಿ ಬೇರೆ ಉಂಟೆ? ಸಂಬಳವಿಲ್ಲದ, ಊಟವನ್ನೂ ಕೇಳದ ಜಾಡಮಾಲಿ!

"ದೊಡ್ಡಮ್ಮ, ನಮ್ಮದು ಕೂಡ ಕಚರಾ ತಿಂದೇ ಬದುಕಬೇಕಿತ್ತಲ್ಲ? ಮತ್ಯಾಕೆ ಮೂರು ತಿಂಗಳಿಂದ ಬೆಳೆದೇ ಇಲ್ಲ? ಪಾತಳ್ ಆಗ್ತಾ ಇದೆ" ಎಂದಳು ಅವಳು. ಪಾತಳ್ ಎಂದರೆ ತೆಳ್ಳಗೆ. ನಮ್ಮ ಮಕ್ಕಳ ಕನ್ನಡದೊಳಗೆ ಮರಾಠಿ ಹೀಗೆ ನುಸುಳುವುದುಂಟು, ಇರಲಿ.

ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಮೂಲೆಯ ಅಂಗಡಿಯೊಂದರಲ್ಲಿ, ಬಿಳಿಗಡ್ಡದ ಹಿರಿಯರೊಬ್ಬರಿಂದ. ಅವರು ಏನನ್ನೂ ಮಾರಲು ಅವಸರಿಸಲಿಲ್ಲ. ಗಾಜಿಗೆ ಅಂಟಿದ್ದ ಎರಡು ಸಕರ್‌ಗಳನ್ನು ತೋರಿಸಿ, "ಪೇಟ್ ದೇಖೋ ಬೇಟಾ" ಎಂದರು. ಗಾಜಿಗೆ ಅಂಟಿದ ಮೀನಿನ ಹೊಟ್ಟೆ ನಮ್ಮ ಕಡೆಗೇ ಇರುತ್ತದೆ. ಒಂದರದು ತುಸು ಉಬ್ಬಿ ಸಮವಾಗಿತ್ತು. ಇನ್ನೊಂದರದು ಬಟ್ಟಲಿನಂತೆ ಒಳಗೆ ಕುಸಿದಿತ್ತು, ಕಣ್ಣು ಗುಳಿಬಿದ್ದಿತ್ತು. ಆ ದಿನವೇ ಬೇರೆ ಕಡೆಯಿಂದ ಬಂದದ್ದಂತೆ. ಅವರದನ್ನು ಮಾರದೆ ತಿನ್ನಿಸಿ ದಪ್ಪ ಮಾಡಲು ಇಟ್ಟುಕೊಂಡಿದ್ದರು. ಕನ್ನಡದಲ್ಲಿ 'ಹೊಟ್ಟೆ ಬೆನ್ನಿಗೆ ಹತ್ತಿದೆ' ಎಂಬ ಮಾತುಂಟು. ಆ ನುಡಿಗಟ್ಟಿನ ಅರ್ಥವನ್ನು ತಂಗಿಯ ಮಗಳಿಗೆ ನಾನು ಬಿಡಿಸಿ ಹೇಳಬೇಕಾಗಲಿಲ್ಲ.

ಅಸಲು ವಿಷಯ ಇಷ್ಟೆ. ಸಕರ್ ಮೀನು ಗಾಜಿನ ಮೇಲಿನ ಹಸಿರು ಪಾಚಿಯನ್ನು ಕೆರೆದು ತಿನ್ನುತ್ತದೆ, ನಿಜ. ಆದರೆ ಬೇರೆ ಮೀನುಗಳ ಹಿಕ್ಕೆಯನ್ನು ಅದು ತಿನ್ನುವುದಿಲ್ಲ. ಹೊಸ ತೊಟ್ಟಿಯಲ್ಲಿ ಪಾಚಿ ಬೆಳೆದಿರುವುದೇ ಇಲ್ಲ. ಬೆಳೆದರೂ ಎರಡಡಿಯ ಗಾಜಿನ ಪಾಚಿ ನಾಲ್ಕು ದಿನಕ್ಕೆ ಮುಗಿಯುತ್ತದೆ. ಮೇಲಿನವರಿಗೆ ಹಾಕಿದ ಕಾಳು ತಳಕ್ಕೆ ಬಿದ್ದರೆ ಅದರ ಅದೃಷ್ಟ; ಹಸಿದ ಗೋಲ್ಡ್‌ಫಿಶ್ ಇರುವಲ್ಲಿ ಅದೂ ಬೀಳದು. ಮೇಲಾಗಿ ಈ ಮೀನುಗಳಲ್ಲಿ ಹೆಚ್ಚಿನವು ರಾತ್ರಿ ಸಂಚಾರಿಗಳು. ನಾವು ಬೆಳಕಿರುವಾಗ ಊಟ ಬಡಿಸಿ, ಅವು ಏಳುವ ಹೊತ್ತಿಗೆ ಎಲೆ ಎತ್ತಿಬಿಟ್ಟಿರುತ್ತೇವೆ. ಹೀಗೆ ದೀಪ, ಹೂಗಿಡ, ಬಣ್ಣದ ಕಲ್ಲು ಎಲ್ಲ ಇರುವ ಚಂದದ ತೊಟ್ಟಿಯೊಳಗೆ, ಯಾರ ಕಣ್ಣಿಗೂ ಬೀಳದಂತೆ, ಒಂದು ಜೀವ ತಿಂಗಳುಗಟ್ಟಲೆ ಹಸಿದು ಸಾಯುತ್ತದೆ. ಸತ್ತ ಮೇಲೆ ನಾವು ನೀರಿನ ದೋಷ ಎನ್ನುತ್ತೇವೆ.

ಉಳಿದದ್ದು ತಿಂದುಕೊಳ್ಳುತ್ತದೆ ಎಂಬ ನಂಬಿಕೆ ಮೀನಿನ ವಿಷಯದಲ್ಲಿ ಮಾತ್ರ ಇರುವುದೆಂದು ತಿಳಿಯಬೇಡಿ. ಎಲ್ಲರ ಊಟವಾದ ಮೇಲೆ ಕೂರುವವರ ತಟ್ಟೆಯಲ್ಲಿ ಏನಿದೆಯೆಂದು ಬಗ್ಗಿ ನೋಡುವ ರೂಢಿ ಬಹಳ ಮನೆಗಳಲ್ಲಿ ಇಲ್ಲ. ಇಷ್ಟೇ ಹೇಳಿ ಮುಂದಕ್ಕೆ ಹೋಗುತ್ತೇನೆ.

ಬಾಯಿ ನೋಡಿ ಊಟ ಬಡಿಸಿ

ಆ ಅಂಗಡಿಯ ಹಿರಿಯರು ಹೇಳಿದ್ದು, ಆಮೇಲೆ ನಾವಿಬ್ಬರೂ ಪುಸ್ತಕಗಳನ್ನು ತಿರುವಿ ತಿಳಿದುಕೊಂಡದ್ದು ಎಲ್ಲವನ್ನೂ ಸೇರಿಸಿ ಹೇಳುವುದಾದರೆ ಮೊದಲ ಪಾಠ ಇದು: ಎಲ್ಲ ಕ್ಯಾಟ್‌ಫಿಶ್‌ಗಳಿಗೂ ಒಂದೇ ಅಡುಗೆ ನಡೆಯುವುದಿಲ್ಲ. ನಮ್ಮಲ್ಲೇ ಘಟ್ಟದ ಮೇಲಿನವರಿಗೆ ಮುದ್ದೆ, ಕರಾವಳಿಯವರಿಗೆ ಕುಚ್ಚಲಕ್ಕಿ, ಉತ್ತರದವರಿಗೆ ಜೋಳದ ರೊಟ್ಟಿ ಇಲ್ಲವೆ? ಮೀನಿನ ಬಾಯಿ ಯಾವ ಕಡೆಗಿದೆ, ಅದು ಯಾವ ದೇಶದ ನದಿಯಿಂದ ಬಂದದ್ದು ಎಂಬುದನ್ನು ನೋಡಿ ಊಟ ತೀರ್ಮಾನಿಸಬೇಕು.

ಮೊದಲನೆಯದು ಸಕರ್, ಅಂದರೆ ಪ್ಲೀಕೋ. ದಕ್ಷಿಣ ಅಮೆರಿಕದ ನದಿಗಳ ಸಂತಾನ. ಬಾಯಿ ತಳಕ್ಕಿದೆ, ಕೊಬ್ಬರಿ ತುರಿಯುವ ಹಾಗೆ ಕೆರೆದು ತಿನ್ನುವುದಕ್ಕಾಗಿ. ಕರುಳು ದೇಹದ ಉದ್ದಕ್ಕಿಂತ ಹಲವು ಪಟ್ಟು ಉದ್ದ. ನಾರಿನಂಶ ಹೆಚ್ಚಿರುವ ಸಸ್ಯಾಹಾರವನ್ನು ನಿಧಾನವಾಗಿ ಜೀರ್ಣಿಸಿಕೊಳ್ಳಲು ಹೊಂದಿಕೊಂಡ ಕರುಳು ಅದು. ಸ್ಪಿರುಲಿನಾ ಪಾಚಿ ಬೆರೆಸಿದ, ತಳಕ್ಕೆ ಮುಳುಗುವ ಬಿಲ್ಲೆಗಳು ಅಂಗಡಿಯಲ್ಲಿ 'ಆಲ್ಗೆ ವೇಫರ್' ಎಂಬ ಹೆಸರಿನಲ್ಲಿ ಸಿಗುತ್ತವೆ. ಇದು ನಿತ್ಯದ ಅನ್ನವೆನ್ನಿ. ಇದರ ಜೊತೆಗೆ ಪಲ್ಯ ನಮ್ಮ ಅಡುಗೆಮನೆಯಿಂದಲೇ ಹೋಗಬಹುದು. ಸೌತೆಕಾಯಿಯ ಬಿಲ್ಲೆ, ಸಿಹಿಕುಂಬಳ, ಸಿಪ್ಪೆ ಸುಲಿದ ಹಸಿ ಬಟಾಣಿ, ಪಾಲಕ್ ಎಲೆ, ಈಗೆಲ್ಲ ಸಿಗುವ ಜುಕೀನಿ. ಸೌತೆಕಾಯಿಯನ್ನು ಹಸಿಯಾಗಿಯೇ ಹಾಕಬಹುದು. ಮಿಕ್ಕವನ್ನು ಉಪ್ಪು ಹಾಕದ ಕುದಿನೀರಿನಲ್ಲಿ ಒಂದೆರಡು ನಿಮಿಷ ಬಾಡಿಸಿ, ತಣ್ಣೀರಿಗೆ ಹಾಕಿ ಆರಿಸಬೇಕು. ಒಗ್ಗರಣೆಯ ಕೈ ಇಲ್ಲಿ ಕಟ್ಟಿಕೊಂಡಿರಲಿ. ಎಣ್ಣೆ, ಉಪ್ಪು, ಅರಿಶಿನ ಏನೂ ಕೂಡದು. ಔಷಧ ಸಿಂಪಡಿಸಿದ ತರಕಾರಿಯಾದ್ದರಿಂದ ಚೆನ್ನಾಗಿ ತೊಳೆದು ಸಿಪ್ಪೆ ತೆಗೆಯುವುದು ಒಳ್ಳೆಯದು. ತೇಲದಂತೆ ಸ್ಟೀಲ್ ಫೋರ್ಕಿಗೆ ಚುಚ್ಚಿ, ರಾತ್ರಿ ದೀಪ ಆರಿಸಿದ ಮೇಲೆ ಇಳಿಬಿಡಿ. ಬೆಳಿಗ್ಗೆ ಎದ್ದು ಹಾಲು ಕಾಯಿಸುವ ಮೊದಲು ಉಳಿದದ್ದನ್ನು ತೆಗೆದುಬಿಡಿ. ಕೊಳೆತರೆ ನೀರು ಕೆಡುತ್ತದೆ.

ಇದೇ ಬಳಗದ ಚಿಕ್ಕ ತಮ್ಮ ಬ್ರಿಸಲ್‌ನೋಸ್. ಮೂತಿಯ ಮೇಲೆ ಪೊದೆಯಂತೆ ಕವಲುಗಳಿರುತ್ತವೆ. ನಾಲ್ಕೈದು ಅಂಗುಲಕ್ಕೆ ಬೆಳವಣಿಗೆ ನಿಲ್ಲುತ್ತದೆ. ನಮ್ಮ ಫ್ಲ್ಯಾಟುಗಳ ತೊಟ್ಟಿಗೆ ಸಕರ್‌ಗಿಂತ ಇದೇ ಲೇಸು. ಇವಕ್ಕೆ ತೊಟ್ಟಿಯಲ್ಲಿ ಒಂದು ತುಂಡು ಒಣಮರ ಬೇಕು; ಅಂಗಡಿಯವರು 'ಡ್ರಿಫ್ಟ್‌ವುಡ್' ಎನ್ನುವುದು. ಅದರ ಮೇಲೆ ಬೆಳೆಯುವ ಲೋಳೆಯನ್ನು ಸದಾ ಕೆರೆಯುತ್ತಿರುತ್ತವೆ. ಪನಾಕ್ ಎಂಬ ದಾಯಾದಿಯಂತೂ ಮರವನ್ನೇ ಕೊರೆದು ನುಂಗುತ್ತದೆ. ಆದರೆ ಗೆದ್ದಲಿನ ಹಾಗೆ ಮರವನ್ನೇ ಅರಗಿಸಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಮರದ ಜೊತೆ ಹೊಟ್ಟೆ ಸೇರುವ ಸೂಕ್ಷ್ಮಜೀವಿಗಳಿಂದಲೇ ಅದರ ಪೋಷಣೆ ಎಂದು ತಜ್ಞರು ಕಂಡುಕೊಂಡಿದ್ದಾರೆ.

ಎರಡನೆಯದು ಕೋರಿಡೋರಸ್. 'ಕೋರಿ' ಎಂದು ಮುದ್ದಿನ ಹೆಸರು. ತುಳುವರು ನಗಬೇಡಿ, ಇದು ಆ ಕೋರಿಯಲ್ಲ! ಎರಡಂಗುಲದ ಈ ಪುಟ್ಟ ಮೀನು ಆಗಾಗ ಬಾಣದಂತೆ ಮೇಲಕ್ಕೆ ಹೋಗಿ ಒಂದು ಗುಟುಕು ಗಾಳಿ ನುಂಗಿ ಬರುತ್ತದೆ. ಆ ಗಾಳಿಯ ಆಮ್ಲಜನಕವನ್ನು ಕರುಳಿನಿಂದಲೇ ಹೀರಿಕೊಳ್ಳುತ್ತದೆ. ಒಂಟಿಯಾಗಿಟ್ಟರೆ ಕಳೆಗುಂದುತ್ತದೆ, ಕನಿಷ್ಠ ಐದಾರು ಇರಬೇಕು. ಇದರ ಊಟ ಸಸ್ಯವಲ್ಲ. ಮರಳಿನಲ್ಲಿ ಮೂತಿ ಹುದುಗಿಸಿ ಸಣ್ಣ ಹುಳು, ಕೀಟಗಳ ಮರಿ ಹುಡುಕಿ ತಿನ್ನುವುದು ಅದರ ಸ್ವಭಾವ. ಸೌತೆಕಾಯಿ ಹಾಕಿ ಕೂರಿಸಿದರೆ ಉಪವಾಸವೇ ಗತಿ. ತಳಕ್ಕೆ ಮುಳುಗುವ ಸಣ್ಣ ಕಾಳು, ಜೊತೆಗೆ ಬ್ಲಡ್‌ವರ್ಮ್, ಬ್ರೈನ್ ಶ್ರಿಂಪ್, ಡ್ಯಾಫ್ನಿಯಾ ಇವನ್ನು ಸರದಿಯಂತೆ ಕೊಡಬೇಕು. ತೊಟ್ಟಿಯ ತಳಕ್ಕೆ ಚೂಪು ಕಲ್ಲು ಹಾಕದೆ ನುಣುಪು ಮರಳು ಹಾಸಬೇಕು. ಇಲ್ಲದಿದ್ದರೆ ಉಣ್ಣುವ ಆಸೆಯಲ್ಲಿ ಮೀಸೆಯನ್ನೇ ಸವೆಸಿಕೊಳ್ಳುತ್ತವೆ.

ಮೂರನೆಯದು ಗಾಜಿನ ಮೀನು, ಗ್ಲಾಸ್ ಕ್ಯಾಟ್‌ಫಿಶ್. ಥಾಯ್ಲೆಂಡಿನದು. ಮೈಯೊಳಗಿನ ಮುಳ್ಳು ಎಣಿಸುವಷ್ಟು ಪಾರದರ್ಶಕ. ಇದು ತಳದವರ ಪೈಕಿಯಲ್ಲ, ನಡುನೀರಿನಲ್ಲಿ ಗುಂಪಾಗಿ ನಿಂತಿರುತ್ತದೆ. ಎದುರು ಹಾದುಹೋಗುವ ಸಣ್ಣ ಆಹಾರವನ್ನಷ್ಟೇ ಹಿಡಿಯುತ್ತದೆ. ತಳಕ್ಕೆ ಬಿದ್ದ ಬಿಲ್ಲೆ ಇದಕ್ಕೆ ಪರರಾಜ್ಯದ ಊಟವಿದ್ದಂತೆ.

ನಾಲ್ಕನೆಯವರು ಬೇಟೆಗಾರರು. ರೆಡ್‌ಟೇಲ್ ಕ್ಯಾಟ್‌ಫಿಶ್‌ನ ಬೆರಳುದ್ದದ ಮರಿ ಬಲು ಮುದ್ದಾಗಿರುತ್ತದೆ. ಅಮೆಜಾನ್ ನದಿಯಲ್ಲಿ ಅದು ಒಂದು ಮೀಟರಿಗೂ ಮಿಕ್ಕಿ ಬೆಳೆಯುತ್ತದೆ. ಅಂಗಡಿಯಲ್ಲಿ 'ಶಾರ್ಕ್' ಎಂದು ಮಕ್ಕಳ ಕೈಗೆ ಕೊಡುವ ಬೆಳ್ಳಿ ಬಣ್ಣದ ಮರಿ ಶಾರ್ಕೇ ಅಲ್ಲ, ಮೆಕಾಂಗ್ ನದಿಯ ಪಂಗಾಸಿಯಸ್ ಎಂಬ ಕ್ಯಾಟ್‌ಫಿಶ್. ಅದೂ ಒಂದು ಮೀಟರ್ ದಾಟುತ್ತದೆ. ಹೋಟೆಲಿನಲ್ಲಿ ನೀವು 'ಬಾಸಾ' ಎಂದು ತರಿಸಿಕೊಂಡು ತಿನ್ನುವುದು ಬಹುಮಟ್ಟಿಗೆ ಇದನ್ನೇ! ಇಂಥವಕ್ಕೆ ಕೋಳಿ ಮಾಂಸ, ಮಟನ್ ಚೂರು ಹಾಕಿ ಹೆಮ್ಮೆಪಡುವವರಿದ್ದಾರೆ. ನೆಲದ ಪ್ರಾಣಿಗಳ ಕೊಬ್ಬು ನೀರಿನ ಪ್ರಾಣಿಗೆ ಒಗ್ಗುವುದಿಲ್ಲ. ಜೀವಂತ ಗೋಲ್ಡ್‌ಫಿಶ್ ಹಾಕುವ ಚಟವೂ ಉಂಟು. ನೋಡಲು ಕ್ರೂರ ಎಂಬುದೊಂದಾದರೆ, ಗೋಲ್ಡ್‌ಫಿಶ್‌ನ ಮೈಯಲ್ಲಿ ಬಿ1 ಜೀವಸತ್ವವನ್ನು ನಾಶಮಾಡುವ ಅಂಶವಿದೆ ಎಂಬುದು ಇನ್ನೊಂದು. ದಿನವೂ ಅದನ್ನೇ ತಿಂದ ಬೇಟೆಗಾರ ತಾನೇ ಸೊರಗುತ್ತದೆ. ಮನೆಯ ತೊಟ್ಟಿಗೆ ಇವರ ಸಹವಾಸವೇ ಬೇಡವೆನ್ನುವುದು ನನ್ನ ಅಭಿಪ್ರಾಯ.

ಒಂದೇ ಡಬ್ಬಿ ಏಕೆ ಸಾಲದು?

"ಒಂದು ಒಳ್ಳೆಯ ಡಬ್ಬಿ ತಂದು ದಿನವೂ ಅದನ್ನೇ ಹಾಕಿದರಾಯ್ತಲ್ಲ?" ಎಂದು ನೀವು ಕೇಳಬಹುದು. ಒಂದೇ ಆಹಾರದಲ್ಲಿ ಎಲ್ಲ ಅಂಶಗಳೂ ಸರಿಯಾದ ಪ್ರಮಾಣದಲ್ಲಿರುವುದು ಅಪರೂಪ. ಉದಾಹರಣೆಗೆ ಸಿ ಜೀವಸತ್ವ. ನಮ್ಮ ಹಾಗೆಯೇ ಈ ಮೀನುಗಳಿಗೂ ಅದನ್ನು ಮೈಯಲ್ಲೇ ತಯಾರಿಸಿಕೊಳ್ಳುವ ಶಕ್ತಿಯಿಲ್ಲ, ಊಟದಿಂದಲೇ ಬರಬೇಕು. ಅಮೆರಿಕದಲ್ಲಿ ಕ್ಯಾಟ್‌ಫಿಶ್ ಸಾಕುವವರು ಇದರ ಕೊರತೆಯಿಂದ ಮೀನಿನ ಬೆನ್ನೆಲುಬು ಡೊಂಕಾಗುವುದನ್ನು ಕಂಡಿದ್ದರು. ಡಬ್ಬಿ ತೆರೆದ ಮೇಲೆ ಗಾಳಿ, ಬೆಳಕು, ಶಾಖ ತಾಗಿ ಈ ಜೀವಸತ್ವ ತಿಂಗಳು ತಿಂಗಳಿಗೆ ಕ್ಷಯಿಸುತ್ತದೆ. ಅಗ್ಗವೆಂದು ಒಂದು ಕಿಲೋ ಚೀಲ ತಂದು ವರ್ಷವಿಡೀ ಹಾಕಿದರೆ ಕೊನೆಗೆ ಉಳಿಯುವುದು ಬರಿಯ ಹಿಟ್ಟು.

ಮುಂಬಯಿಯ ಮಳೆಗಾಲವಂತೂ ಕೇಳುವುದೇ ಬೇಡ. ಜೂನ್ ಬಂತೆಂದರೆ ನಮ್ಮ ಹಪ್ಪಳ, ರವೆ, ಬೇಳೆಗಳ ಪಾಡು ಏನಾಗುತ್ತದೆಂದು ಮನೆಯಲ್ಲಿ ನೋಡಿದ್ದೀರಿ. ಮೀನಿನ ಕಾಳಿಗೂ ಅದೇ ಬೂಷ್ಟು. ಬೂಷ್ಟು ಹಿಡಿದ ಆಹಾರ ವಿಷಕ್ಕೆ ಸಮ. ಆದ್ದರಿಂದ ಒಂದೆರಡು ತಿಂಗಳಿಗಾಗುವಷ್ಟು ಚಿಕ್ಕ ಪೊಟ್ಟಣ ಕೊಂಡು, ಬಿಗಿ ಮುಚ್ಚಳದ ಡಬ್ಬಿಯಲ್ಲಿ ತಂಪಾದ, ಒಣ ಜಾಗದಲ್ಲಿಡಿ. ತೊಟ್ಟಿಯ ಮೇಲಿನ ಮುಚ್ಚಳವೇ ಡಬ್ಬಿ ಇಡುವ ಜಾಗವೆಂದು ಹಲವರ ಎಣಿಕೆ. ದೀಪದ ಬಿಸಿ, ನೀರಿನ ಆವಿ ಎರಡೂ ಸೇರುವ ಆ ಜಾಗ ಎಲ್ಲಕ್ಕಿಂತ ಕೆಟ್ಟದ್ದು.

ಇನ್ನು ಹುಳುಗಳ ಮಾತು. ಅಂಗಡಿಗಳಲ್ಲಿ ಕೆಂಪು ನೂಲಿನ ಉಂಡೆಯಂತೆ ಮಿಸುಕಾಡುವ ಟ್ಯೂಬಿಫೆಕ್ಸ್ ಹುಳು ಕಾಣುತ್ತದೆ. ಮೀನಿಗೆ ಅದೆಂದರೆ ಹಬ್ಬದ ಹೋಳಿಗೆ. ಆದರೆ ಅದು ಬೆಳೆಯುವುದು ಚರಂಡಿಯ ಕೆಸರಿನಲ್ಲಿ. ಅಲ್ಲಿನ ರೋಗಾಣು, ವಿಷಲೋಹಗಳೆಲ್ಲ ಅದರ ಜೊತೆಗೇ ತೊಟ್ಟಿಗೆ ಇಳಿಯಬಹುದು. ಹರಿಯುವ ನೀರಿನಲ್ಲಿ ಹಲವು ದಿನ ತೊಳೆಯುವ ವ್ಯವಧಾನ ಇಲ್ಲದವರು ಒಣಗಿಸಿ ಚೌಕ ಮಾಡಿದ್ದನ್ನೋ, ಮಂಜುಗಟ್ಟಿಸಿದ ಬ್ಲಡ್‌ವರ್ಮ್ ಹಾಳೆಯನ್ನೋ ಕೊಳ್ಳುವುದು ವಾಸಿ. ಬ್ಲಡ್‌ವರ್ಮ್ ಎಂದರೆ ಕಚ್ಚದ ಒಂದು ಬಗೆಯ ನೊಣದ ಮರಿ. ಕೆಲವರಿಗೆ ಅದನ್ನು ಮುಟ್ಟಿದರೆ ಅಲರ್ಜಿಯಾಗುವುದುಂಟು, ಕೈ ತೊಳೆಯಲು ಮರೆಯಬೇಡಿ. ನಮ್ಮ ಮನೆಯಲ್ಲಿ ಇನ್ನೊಂದು ತಕರಾರು ಬಂತು: ಐಸ್‌ಕ್ರೀಮ್ ಪಕ್ಕದಲ್ಲಿ ಹುಳು ಇಡುವುದೆ? ಮುಚ್ಚಳದ ಬೇರೆ ಡಬ್ಬಿ, ಬೇರೆ ಮೂಲೆ ಎಂಬ ಒಪ್ಪಂದದಲ್ಲಿ ಅದು ಇತ್ಯರ್ಥವಾಯಿತು. ಸೊಳ್ಳೆಮರಿ ಒಳ್ಳೆಯ ಆಹಾರವೆಂದು ಬಾಲ್ಕನಿಯ ಬಕೆಟ್ಟಿನಲ್ಲಿ ಸಾಕಲು ಮಾತ್ರ ಹೋಗಬೇಡಿ. ಡೆಂಗ್ಯೂ, ಮಲೇರಿಯಾಗಳ ಈ ಊರಿನಲ್ಲಿ ಮೀನಿಗಿಂತ ಮೊದಲು ನೆರೆಮನೆಯವರು ಮಲಗಿಯಾರು, ಮಹಾನಗರಪಾಲಿಕೆಯ ದಂಡವೂ ಬಂದೀತು.

ತಂಗಿಯ ಮಗಳು ಬರೆದು ತೊಟ್ಟಿಯ ಪಕ್ಕ ಅಂಟಿಸಿರುವ ಪಟ್ಟಿಯನ್ನು ಹೇಳಿಬಿಡುತ್ತೇನೆ. ಅವಳ ತೊಟ್ಟಿಯಲ್ಲಿ ಈಗ ಒಂದು ಬ್ರಿಸಲ್‌ನೋಸ್, ಆರು ಕೋರಿಗಳಿವೆ. ಆ ಸೊರಗಿದ ಸಕರನ್ನು ಮೂಲೆಯಂಗಡಿಯ ಹಿರಿಯರೇ ತಮ್ಮ ದೊಡ್ಡ ತೊಟ್ಟಿಗೆ ತೆಗೆದುಕೊಂಡರು. ಸೋಮವಾರ, ಗುರುವಾರ ಆಲ್ಗೆ ವೇಫರ್ ಮತ್ತು ಮುಳುಗುವ ಕಾಳು. ಮಂಗಳವಾರ ಸೌತೆಕಾಯಿ, ಕೋರಿಗಳಿಗೆ ಬ್ರೈನ್ ಶ್ರಿಂಪ್. ಬುಧವಾರ ಕಾಳು ಮಾತ್ರ. ಶುಕ್ರವಾರ ಬಟಾಣಿ ಅಥವಾ ಸಿಹಿಕುಂಬಳ, ಕೋರಿಗಳಿಗೆ ಬ್ಲಡ್‌ವರ್ಮ್. ಶನಿವಾರ ಮತ್ತೆ ವೇಫರ್ ಮತ್ತು ಕಾಳು. ಭಾನುವಾರ ಉಪವಾಸ. ಚೆನ್ನಾಗಿ ತಿಂದ ದೊಡ್ಡ ಮೀನಿಗೆ ವಾರಕ್ಕೊಂದು ಲಂಘನ ಒಳ್ಳೆಯದೇ. ನಮ್ಮ ಏಕಾದಶಿ ಅವಕ್ಕೂ ಹಿತ; ಮರಿಗಳಿಗೆ ಮಾತ್ರ ಬೇಡ. ಕಾಳು ಕೆಲವು ನಿಮಿಷಗಳಲ್ಲಿ ಖಾಲಿಯಾಗುವಷ್ಟೇ ಹಾಕಬೇಕು. ಪ್ರೀತಿ ಹೆಚ್ಚಾಗಿ ಮುಷ್ಟಿ ತುಂಬ ಹಾಕಿದರೆ ಉಳಿದದ್ದು ಕೊಳೆತು ಅಮೋನಿಯಾ ಹುಟ್ಟುತ್ತದೆ.

ತುಂಗೆಯ ಮಂಡಕ್ಕಿ, ತೊಟ್ಟಿಯ ಬ್ರೆಡ್ಡು

ಶೃಂಗೇರಿಗೆ ಹೋದವರೆಲ್ಲ ತುಂಗೆಯ ಮೆಟ್ಟಿಲ ಮೇಲೆ ನಿಂತು ಮೀನುಗಳಿಗೆ ಮಂಡಕ್ಕಿ ಎರಚಿದ್ದೀರಿ. ಬೆಳ್ತಂಗಡಿ ತಾಲೂಕಿನ ಶಿಶಿಲದ ಕಪಿಲೆಯಲ್ಲೂ ಇಂಥದೇ ಮತ್ಸ್ಯತೀರ್ಥವಿದೆ. ದೇವರ ಮೀನೆಂದು ಹಿಡಿಯದೆ ಕಾಪಾಡಿದ್ದರಿಂದ ಆಳೆತ್ತರದ ನೀರಿನಲ್ಲಿ ಮಾರುದ್ದದ ಮೀನುಗಳು ನಿರ್ಭಯವಾಗಿ ಓಡಾಡುವುದನ್ನು ನೋಡುವುದೇ ಭಾಗ್ಯ. ಆ ನೆನಪಿನಲ್ಲಿಯೇ ನಮ್ಮ ಹಿರಿಯರು ಮನೆಯ ತೊಟ್ಟಿಗೂ ಮಂಡಕ್ಕಿ, ಬ್ರೆಡ್ಡು, ಚಪಾತಿ ಚೂರು ಹಾಕುತ್ತಾರೆ. ಅವರ ಪುಣ್ಯಬುದ್ಧಿಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನದಿಯ ಮೀನಿಗೆ ನಮ್ಮ ಮಂಡಕ್ಕಿ ಬರಿಯ ಬಾಯಾಟ. ಅದರ ನಿಜವಾದ ಊಟ ನದಿಯಲ್ಲೇ ಇದೆ. ಉಳಿದದ್ದನ್ನು ಹೊಳೆ ಕೊಂಡೊಯ್ಯುತ್ತದೆ. ಗಾಜಿನ ಪೆಟ್ಟಿಗೆಯ ಮೀನಿಗೆ ನಾವು ಹಾಕಿದ್ದೇ ನದಿ, ನಾವು ಹಾಕಿದ್ದೇ ಕಾಡು. ಹಾಕದೆ ಬಿಟ್ಟದ್ದು ಎಲ್ಲಿಂದಲೂ ಬಾರದು.

ಈ ಊರಿನಲ್ಲಿ ಗಾಜಿನ ಹಿಂದಿನ ಮೀನು ನೋಡುವ ಹವ್ಯಾಸ ಹಳೆಯದು. ಮರೀನ್ ಡ್ರೈವಿನ ತಾರಾಪೋರ್‌ವಾಲಾ ಅಕ್ವೇರಿಯಂ 1951ರಲ್ಲಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದರಿಂದ ಉದ್ಘಾಟನೆಗೊಂಡಿತು. ಪಾರ್ಸಿ ದಾನಿಯೊಬ್ಬರ ಕೊಡುಗೆಯಿಂದ ಎದ್ದ ಆ ಕಟ್ಟಡ 2015ರಲ್ಲಿ ಹೊಸ ರೂಪದೊಂದಿಗೆ ಮತ್ತೆ ತೆರೆದಿತ್ತು. ನಿಮ್ಮ ತಂದೆ ತಾಯಂದಿರು ಶಾಲೆಯ ಸಾಲಿನಲ್ಲಿ ನಿಂತು ಅದನ್ನು ನೋಡಿದವರೇ ಇರಬಹುದು. ಕೇಳಿ ನೋಡಿ, ಒಂದಾದರೂ ಕಥೆ ಸಿಕ್ಕೀತು.

ಕೊನೆಗೊಂದು ಎಚ್ಚರಿಕೆಯ ಮಾತು. ಚೆನ್ನಾಗಿ ತಿನ್ನಿಸಿದ ಸಕರ್ ಬೆರಳುದ್ದದಲ್ಲಿ ನಿಲ್ಲುವುದಿಲ್ಲ; ಒಂದು ಅಡಿ, ಒಂದೂವರೆ ಅಡಿಯವರೆಗೆ ಬೆಳೆಯುತ್ತದೆ. ತೊಟ್ಟಿ ಸಾಲದೆ ಹೋದಾಗ ಜನ ಅದನ್ನು ದಯೆಯಿಂದಲೇ ಹತ್ತಿರದ ಕೆರೆಗೋ ನಾಲೆಗೋ ಬಿಡುತ್ತಾರೆ. ಆ ದಯೆ ಎಂಥ ಅನಾಹುತ ಮಾಡಿದೆಯೆಂದು ಆಂಧ್ರದ ಬೆಸ್ತರನ್ನು ಕೇಳಬೇಕು. ಅಲ್ಲಿ ಇದಕ್ಕೆ 'ದೆಯ್ಯಂ ಚೇಪ', ಅಂದರೆ ದೆವ್ವದ ಮೀನು ಎಂದೇ ಹೆಸರು. ಮುಳ್ಳುಕವಚದಿಂದ ಬಲೆ ಹರಿಯುತ್ತದೆ, ದಂಡೆಯಲ್ಲಿ ಬಿಲ ತೋಡುತ್ತದೆ, ಮಾರಿದರೆ ಕೊಳ್ಳುವವರಿಲ್ಲ. ಕೇರಳ, ತಮಿಳುನಾಡು, ಬಂಗಾಳಗಳ ನೀರಿನಲ್ಲೂ ಸಿಕ್ಕಿದೆ. 2020ರಲ್ಲಿ ವಾರಾಣಸಿಯ ಗಂಗೆಯಲ್ಲೇ ಕಾಣಿಸಿಕೊಂಡಿತು. ಅಮೆಜಾನಿನ ಮೀನು ಗಂಗೆಗೆ ತಾನಾಗಿ ಈಜಿಕೊಂಡು ಬರಲಿಲ್ಲ. ಯಾರದೋ ಮನೆಯ ತೊಟ್ಟಿಯಿಂದಲೋ, ಸಾಕುವ ಕೊಳದಿಂದಲೋ ಬಂತು. ಆದ್ದರಿಂದ ಪೊವಾಯಿಯಾಗಲಿ, ಊರಿನ ದೇವಸ್ಥಾನದ ಕೆರೆಯಾಗಲಿ, ಎಲ್ಲಿಯೂ ಬಿಡಬೇಡಿ. ಕೊಂಡ ಅಂಗಡಿಗೋ, ದೊಡ್ಡ ತೊಟ್ಟಿಯಿರುವವರಿಗೋ ಕೊಡಿ. ಎಲ್ಲಕ್ಕಿಂತ ಮೊದಲು, ಕೊಳ್ಳುವಾಗಲೇ ಇದು ಎಷ್ಟುದ್ದ ಬೆಳೆಯುತ್ತದೆ, ಏನು ತಿನ್ನುತ್ತದೆ ಎಂಬ ಎರಡು ಪ್ರಶ್ನೆ ಕೇಳಿ. ಉತ್ತರ ಹೇಳದ ಅಂಗಡಿಯಲ್ಲಿ ಖರೀದಿ ಬೇಡ.

ಕ್ರಾಫರ್ಡ್ ಮಾರ್ಕೆಟ್ಟಿಗೆ ಹೋಗುವುದಾದರೆ ವಾರದ ದಿನ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಹೋಗಿ. ಹಬ್ಬದ ಮುಂಚಿನ ದಿನಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಂಗಡಿಯವರಿಗೂ ಮಾತಾಡಲು ಪುರಸೊತ್ತಿರದು. ಮೀನು ಕೊಂಡರೆ ಪೊಟ್ಟಣವನ್ನು ಕಪ್ಪು ಬಟ್ಟೆಯ ಚೀಲದಲ್ಲಿಟ್ಟು, ಲೋಕಲ್ಲಿನ ಗರ್ದಿ ಏರುವ ಮೊದಲೇ ಮನೆ ಸೇರಿ. ಕೊಳ್ಳುವ ಮುನ್ನ ಗಾಜಿಗಂಟಿದ ಮೀನಿನ ಹೊಟ್ಟೆ ನೋಡಲು ಮರೆಯಬೇಡಿ. ಈಗಾಗಲೇ ಮನೆಯಲ್ಲಿ ಸಕರ್ ಇರುವವರು ಈ ರಾತ್ರಿಯೇ ದೀಪ ಆರಿಸಿ ಒಂದು ಗಂಟೆ ಬಿಟ್ಟು ಟಾರ್ಚ್ ಹಿಡಿದು ನೋಡಿ. ಹೊಟ್ಟೆ ಒಳಗೆ ಹೋಗಿದ್ದರೆ ಫ್ರಿಜ್ಜಿನಲ್ಲಿ ಸೌತೆಕಾಯಿ ಇದ್ದೇ ಇರುತ್ತದೆ. ಅಮ್ಮನನ್ನು ಕೇಳಿ ಒಂದು ಬಿಲ್ಲೆ ಕತ್ತರಿಸಿಕೊಳ್ಳಿ.